ಸೈಟು ಮಾರುವ ಮೊದಲು ಒಂದು ಲೆಕ್ಕ: ಆಸ್ಟ್ರೇಲಿಯಾದಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಓದು

ಊರಿನಿಂದ ನಮಗೆ ಬರುವ ಫೋನುಗಳ ವಿಷಯ ನಾಲ್ಕೈದು ವರ್ಷಗಳಿಂದ ಬದಲಾಗಿದೆ. ಮೊದಲೆಲ್ಲ ನರ್ಸಿಂಗ್, ಐಟಿ, ಎಂಬಿಎ ಬಗ್ಗೆ ಕೇಳುತ್ತಿದ್ದರು. ಈಗ ‘ಮಗಳು ಡಿಸೈನ್ ಓದ್ತೀನಿ ಅಂತಾಳೆ, ಅದೂ ಇಂಡಸ್ಟ್ರಿಯಲ್ ಡಿಸೈನ್ ಅಂತೆ. ಏನದು? ನಿಮ್ಮ ಆಸ್ಟ್ರೇಲಿಯಾದಲ್ಲಿ ಅದಕ್ಕೆ ಬೆಲೆ ಇದೆಯಾ?’ ಎಂದು ಕೇಳುತ್ತಾರೆ. ಫೋನು ಇಡುವ ಹೊತ್ತಿಗೆ ‘ಬೇಕಾದರೆ ಸೈಟು ಮಾರಿಯಾದರೂ ಕಳಿಸ್ತೀವಿ’ ಎನ್ನುವ ಮಾತೂ ಬಂದಿರುತ್ತದೆ.

ನಾವು ಬಿ.ಕಾಂ ಮುಗಿಸಿ, ಸಿಎ ಮಾಡಿ, ಅಡಿಲೇಡ್‌ನಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿರುವವರು. ನಮ್ಮ ಮನೆ ಇರುವುದು ಬ್ಲೇರ್ ಅಥಾಲ್‌ನಲ್ಲಿ. ನಗರದ ಮಧ್ಯಭಾಗದಿಂದ ಉತ್ತರಕ್ಕೆ ಸುಮಾರು 7 ಕಿ.ಮೀ., ಮೇನ್ ನಾರ್ತ್ ರಸ್ತೆ ಮತ್ತು ಪ್ರಾಸ್ಪೆಕ್ಟ್ ರಸ್ತೆಯ ನಡುವಿನ ಬಡಾವಣೆ. ಡಿಸೈನ್ ನಮ್ಮ ಕಸುಬಲ್ಲ. ಆದರೂ ಊರಿನವರು ನಮ್ಮನ್ನೇ ಕೇಳುತ್ತಾರೆ, ಏಕೆಂದರೆ ಈ ಪ್ರಶ್ನೆಯ ತುದಿಯಲ್ಲಿ ದುಡ್ಡಿದೆ. ಹಾಗಾಗಿ ಇಲ್ಲಿ ಓದಿದವರನ್ನು, ಕೆಲಸ ಮಾಡುತ್ತಿರುವವರನ್ನು ಕೇಳಿ ತಿಳಿದುಕೊಂಡದ್ದನ್ನೂ ನಮ್ಮ ಲೆಕ್ಕವನ್ನೂ ಒಟ್ಟಿಗೆ ಇಡುತ್ತಿದ್ದೇವೆ. ಮಕ್ಕಳ ಆಸೆಗೆ ತಣ್ಣೀರು ಎರಚುವುದು ನಮ್ಮ ಉದ್ದೇಶವಲ್ಲ. ಒಳ್ಳೆಯ ವಿದ್ಯೆಯೇ ಇದು. ಆದರೆ ದುಡ್ಡು ಹಾಕುವ ಮೊದಲು ಏನನ್ನು ನೋಡಬೇಕು ಎಂಬುದು ಈ ವಿದ್ಯೆಯಲ್ಲಿ ಸ್ವಲ್ಪ ಬೇರೆ.

ಚೊಂಬಿನ ಪಾಠ

ಇಂಡಸ್ಟ್ರಿಯಲ್ ಡಿಸೈನ್ ಎಂದರೆ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ವಸ್ತು ಹೇಗಿರಬೇಕು ಎಂದು ಮುಂಚೆಯೇ ಯೋಚಿಸಿ, ಮಾಡಿ ನೋಡಿ, ತೀರ್ಮಾನಿಸುವ ವಿದ್ಯೆ. ಮಿಕ್ಸಿ, ಹೆಲ್ಮೆಟ್, ಗಾಲಿಕುರ್ಚಿ, ಸ್ಕೂಟರ್, ಆಸ್ಪತ್ರೆಯ ಉಪಕರಣ ಎಲ್ಲವೂ ಇದರೊಳಗೆ ಬರುತ್ತವೆ. ಮಿಕ್ಸಿಯ ಮೋಟಾರು ಸರಿಯಾಗಿ ತಿರುಗುವಂತೆ ಎಂಜಿನಿಯರ್ ನೋಡಿಕೊಳ್ಳುತ್ತಾರೆ. ಒದ್ದೆ ಕೈಯಲ್ಲಿ ಜಾರ್ ಹಿಡಿದರೆ ಜಾರದ ಹಾಗೆ, ಚಟ್ನಿ ಅಂಟಿದ ಮೂಲೆ ಸುಲಭವಾಗಿ ತೊಳೆಯುವ ಹಾಗೆ, ಕಣ್ಣು ಮಂದವಾದ ಅಜ್ಜಿಗೂ ಸ್ವಿಚ್ ಯಾವ ಕಡೆ ತಿರುಗಿಸಬೇಕೆಂದು ತಿಳಿಯುವ ಹಾಗೆ ನೋಡಿಕೊಳ್ಳುವುದು ಡಿಸೈನರ್ ಕೆಲಸ. ಚೆಂದ ಕಾಣುವುದು ಅದರಲ್ಲಿ ಒಂದು ಭಾಗ ಮಾತ್ರ.

ಭಾರತದಲ್ಲಿ ಈ ಓದು ಶುರುವಾದದ್ದಕ್ಕೂ ನಮ್ಮ ಮನೆಯ ಚೊಂಬಿಗೂ ನಂಟಿದೆ. ಸರ್ಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಬಹಳವಾಗಿ ಮೆಚ್ಚಿ ಬರೆದ ವಸ್ತು ಚೊಂಬು. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ತೂಕ ಹೇಗೆ ಕೂರುತ್ತದೆ, ಸೊಂಟದ ಮೇಲೆ ಇಟ್ಟರೆ ಹೇಗೆ, ಸುರಿದಾಗ ಧಾರೆ ಹೇಗೆ ಬೀಳುತ್ತದೆ, ಬೆಲೆ ಎಷ್ಟು ಎಂದು ಪಟ್ಟಿ ಮಾಡುತ್ತ ಹೋಗಿ, ಇದನ್ನು ಯಾವನೋ ಒಬ್ಬ ಕುಳಿತು ಮಾಡಿದ್ದಲ್ಲ, ತಲೆಮಾರುಗಳು ಸೇರಿ ತಿದ್ದಿದ್ದು ಎಂಬ ಅರ್ಥದ ಮಾತು ಹೇಳಿದರು. ಆ ವರದಿಯ ಹಿನ್ನೆಲೆಯಲ್ಲೇ 1961ರಲ್ಲಿ ಅಹಮದಾಬಾದ್‌ನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ ಹುಟ್ಟಿತು.

ಈ ವಿದ್ಯೆಯ ಫಲವನ್ನು ನೀವು ಐದು ವರ್ಷಕ್ಕೊಮ್ಮೆ ಬೆರಳಿನಿಂದಲೇ ಒತ್ತುತ್ತೀರಿ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರದ ರೂಪ ವಿನ್ಯಾಸದಲ್ಲಿ ಐಐಟಿ ಬಾಂಬೆಯ ವಿನ್ಯಾಸ ಕೇಂದ್ರದ ಪ್ರಾಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅವರ ಕೈ ಇದೆ. ಅಕ್ಷರ ಬಾರದವರಿಗೂ ಚಿಹ್ನೆಯ ಪಕ್ಕದ ನೀಲಿ ಗುಂಡಿ ಒತ್ತಿದರೆ ಸಾಕು, ದೀಪ ಹತ್ತಿ ಬೀಪ್ ಎಂದಾಗ ವೋಟು ಬಿತ್ತು ಎಂದು ತಿಳಿಯುತ್ತದೆ. ವಿವರಿಸುವ ಅಗತ್ಯವೇ ಬೀಳದ ಹಾಗೆ ವಸ್ತುವನ್ನು ಮಾಡುವುದು ಸುಲಭದ ಕೆಲಸವಲ್ಲ.

ನಾವಿರುವ ರಾಜ್ಯಕ್ಕೂ ಇದರಲ್ಲಿ ಹೆಸರಿದೆ. ಬೆಂಗಳೂರಿನ ಫ್ಲಾಟುಗಳ ಟಾಯ್ಲೆಟ್‌ನಲ್ಲಿ ಈಗ ದೊಡ್ಡದೊಂದು, ಚಿಕ್ಕದೊಂದು ಎರಡು ಗುಂಡಿಗಳಿರುವ ಫ್ಲಶ್ ನೋಡಿರುತ್ತೀರಿ. ಅಡಿಲೇಡ್‌ನಲ್ಲಿ ಹುಟ್ಟಿ ಬೆಳೆದ ಕರೋಮಾ ಕಂಪನಿಯಲ್ಲಿದ್ದ ಬ್ರೂಸ್ ಥಾಂಪ್ಸನ್ 1980ರಲ್ಲಿ ಅದನ್ನು ರೂಪಿಸಿದರು. ಮೊದಲ ಮಾದರಿಯಲ್ಲಿ ದೊಡ್ಡ ಗುಂಡಿಗೆ 11 ಲೀಟರ್, ಚಿಕ್ಕದಕ್ಕೆ 5.5 ಲೀಟರ್ ನೀರು. ಮಳೆ ಕಡಿಮೆ ಇರುವ ಈ ರಾಜ್ಯದಲ್ಲಿ ನೀರು ಉಳಿಸಲೇಬೇಕಾದ ಒತ್ತಡದಿಂದ ಬಂದ ಉಪಾಯ ಅದು. ಹಿತ್ತಿಲಲ್ಲಿ ಕೊಡೆಯ ಹಾಗೆ ಬಿಚ್ಚಿಕೊಂಡು ಗಾಳಿಗೆ ತಿರುಗುವ ಬಟ್ಟೆ ಒಣಗಿಸುವ ಕಂಬ ಇಲ್ಲಿ ಹಳೆಯ ಮನೆಗಳಲ್ಲೆಲ್ಲ ಕಾಣುತ್ತದೆ. 1945ರಲ್ಲಿ ಅಡಿಲೇಡ್‌ನ ಲ್ಯಾನ್ಸ್ ಹಿಲ್ ಎಂಬವರು ತಮ್ಮ ಹಿತ್ತಿಲಲ್ಲೇ ಅದನ್ನು ಮಾಡಲು ಶುರುಮಾಡಿ ದೇಶಕ್ಕೆಲ್ಲ ಮುಟ್ಟಿಸಿದರು.

ತರಗತಿಯಲ್ಲಿ ಏನು ಮಾಡಿಸುತ್ತಾರೆ?

ಈ ಓದಿನಲ್ಲಿ ಹೆಚ್ಚು ಹೊತ್ತು ಕಳೆಯುವುದು ಸ್ಟುಡಿಯೊ ಮತ್ತು ವರ್ಕ್‌ಶಾಪ್‌ನಲ್ಲಿ. ಒಂದು ಸಮಸ್ಯೆ ಕೊಡುತ್ತಾರೆ. ಆ ಸಮಸ್ಯೆ ಇರುವವರ ಬಳಿ ಹೋಗಿ ನೋಡಬೇಕು, ಮಾತನಾಡಬೇಕು, ಅಳತೆ ತೆಗೆದುಕೊಳ್ಳಬೇಕು. ಆಮೇಲೆ ಹತ್ತಾರು ಸ್ಕೆಚ್. ಅದರಲ್ಲಿ ಎರಡು ಮೂರನ್ನು ರಟ್ಟಿನಲ್ಲಿ, ಥರ್ಮಾಕೋಲಿನಂಥ ಫೋಮ್‌ನಲ್ಲಿ, ಮರದಲ್ಲಿ ಮಾಡಿ ನೋಡುವುದು. ಜನರ ಕೈಗೆ ಕೊಟ್ಟು ಎಲ್ಲಿ ತಪ್ಪಿತು ಎಂದು ಬರೆದುಕೊಳ್ಳುವುದು. ಮತ್ತೆ ತಿದ್ದುವುದು. ಜೊತೆಗೆ ಸಾಲಿಡ್‌ವರ್ಕ್ಸ್, ರೈನೊ ಥರದ ಸಾಫ್ಟ್‌ವೇರ್, ತ್ರೀಡಿ ಪ್ರಿಂಟಿಂಗ್, ಪ್ಲಾಸ್ಟಿಕ್ಕು ಲೋಹಗಳ ಗುಣ, ದೇಹದ ಅಳತೆಗಳ ಶಾಸ್ತ್ರ. ಪ್ರತಿ ಹಂತದಲ್ಲೂ ಎಲ್ಲರ ಮುಂದೆ ನಿಂತು ತನ್ನ ಕೆಲಸ ವಿವರಿಸಬೇಕು, ಟೀಕೆ ಕೇಳಿಸಿಕೊಳ್ಳಬೇಕು. ನಮ್ಮ ಮಕ್ಕಳಿಗೆ ಮೊದಲ ವರ್ಷ ಕಷ್ಟವಾಗುವುದು ಇದೇ ಎಂದು ಇಲ್ಲಿ ಓದಿದವರು ಹೇಳುತ್ತಾರೆ. ಸರಿ ಉತ್ತರ ಎಂಬುದು ಪುಸ್ತಕದ ಹಿಂದೆ ಇರುವುದಿಲ್ಲ.

ನಮಗೆ ಬಹಳ ಹಿಡಿಸಿದ ಪಾಠವೆಂದರೆ ತಯಾರಿಕೆಯ ಪಾಠ. ಇಡ್ಲಿ ತಟ್ಟೆಯ ಕುಳಿ ನೋಡಿ: ಮೇಲೆ ಅಗಲ, ಕೆಳಗೆ ಕಿರಿದು. ಹಾಗಿರುವುದರಿಂದಲೇ ಇಡ್ಲಿ ಮುರಿಯದೆ ಎದ್ದುಬರುತ್ತದೆ. ಪ್ಲಾಸ್ಟಿಕ್ ವಸ್ತುವಿನ ಅಚ್ಚಿಗೂ ಅದೇ ನಿಯಮ. ಗೋಡೆ ನೆಟ್ಟಗಿದ್ದರೆ ವಸ್ತು ಅಚ್ಚಿನಿಂದ ಬಿಡುವುದಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಮಾಡಿದರೆ ತಣ್ಣಗಾಗುವಾಗ ಸೊಟ್ಟಗಾಗುತ್ತದೆ. ಇದನ್ನು ತಿಳಿಯದೆ ಬರೆದ ಚಿತ್ರ ಎಷ್ಟೇ ಚೆಂದವಿದ್ದರೂ ಕಾರ್ಖಾನೆಯವರು ವಾಪಸ್ ಕಳಿಸುತ್ತಾರೆ.

ಇಲ್ಲಿಗೆ ನಮ್ಮ ಲೆಕ್ಕವೂ ಬಂದು ಸೇರುತ್ತದೆ. ಒಂದು ಜಗ್ಗಿನ ಅಚ್ಚಿಗೆ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. 1,000 ಜಗ್ ಮಾರಿದರೆ ಒಂದೊಂದರ ಮೇಲೂ ಅಚ್ಚಿನ ಹೊರೆಯೇ 1,000 ರೂಪಾಯಿ. 1 ಲಕ್ಷ ಜಗ್ ಮಾರಿದರೆ ಅದು 10 ರೂಪಾಯಿಗೆ ಇಳಿಯುತ್ತದೆ. ಹಿಡಿಕೆಗೆ ಒಂದು ವಿಚಿತ್ರ ತಿರುವು ಕೊಟ್ಟು ಅಚ್ಚಿನೊಳಗೆ ಪಕ್ಕಕ್ಕೆ ಸರಿಯುವ ಇನ್ನೊಂದು ತುಂಡು ಬೇಕಾಯಿತೆಂದರೆ ಅಚ್ಚಿನ ಬೆಲೆ ಮೇಲೇರುತ್ತದೆ. ಆ ಸಣ್ಣ ಗೆರೆ ಎಳೆಯುವಾಗ ಡಿಸೈನರ್ ಕಂಪನಿಯ ದುಡ್ಡು ಖರ್ಚು ಮಾಡುತ್ತಿದ್ದಾರೆ. ಈ ಲೆಕ್ಕ ಅರ್ಥವಾದ ಹುಡುಗ ಹುಡುಗಿಯರಿಗೆ ಕೆಲಸದ ಜಾಗದಲ್ಲಿ ಗೌರವ ಬೇರೆ. ಹಾಗಾಗಿ ‘ನಮ್ಮ ಮಗ ಕಾಮರ್ಸು, ಅವನಿಗೆ ಡಿಸೈನ್ ಆಗುತ್ತಾ’ ಎಂದು ಕೇಳುವವರಿಗೆ, ಆ ಕಾಮರ್ಸ್ ವ್ಯರ್ಥವಾಗುವುದಿಲ್ಲ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಎಲ್ಲಿ ಓದಬಹುದು?

ಅಡಿಲೇಡ್‌ನಲ್ಲಿ ಸೌತ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯ ತನ್ನ ಸಿಟಿ ವೆಸ್ಟ್ ಕ್ಯಾಂಪಸ್‌ನಲ್ಲಿ ಪ್ರಾಡಕ್ಟ್ ಡಿಸೈನ್ ಹೆಸರಿನಲ್ಲಿ ಈ ಓದು ನಡೆಸುತ್ತಿತ್ತು. ಆ ವಿಶ್ವವಿದ್ಯಾಲಯವೂ ಹಳೆಯ ಯೂನಿವರ್ಸಿಟಿ ಆಫ್ ಅಡಿಲೇಡ್ ಕೂಡ ಒಂದಾಗಿ 2026ರ ಜನವರಿಯಲ್ಲಿ ‘ಅಡಿಲೇಡ್ ಯೂನಿವರ್ಸಿಟಿ’ ಎಂಬ ಹೊಸ ಸಂಸ್ಥೆ ಬಾಗಿಲು ತೆರೆದಿದೆ. ಹಳೆಯ ಬ್ರೋಷರ್ ಇಟ್ಟುಕೊಂಡು ಅರ್ಜಿ ಹಾಕಿಸುವ ಏಜೆಂಟರಿದ್ದರೆ ಹುಷಾರಾಗಿರಿ. ಕೋರ್ಸಿನ ಈಗಿನ ಹೆಸರು, ವರ್ಷ, ಫೀಸು ಎಲ್ಲವನ್ನೂ ವಿಶ್ವವಿದ್ಯಾಲಯದಿಂದಲೇ ಲಿಖಿತವಾಗಿ ಪಡೆಯಿರಿ. ಆ ಕ್ಯಾಂಪಸ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಮಾರ್ಫೆಟ್ ಸ್ಟ್ರೀಟ್‌ನಲ್ಲಿ ಜಾಮ್‌ಫ್ಯಾಕ್ಟರಿ ಎಂಬ ಕರಕುಶಲ ಮತ್ತು ವಿನ್ಯಾಸ ಕೇಂದ್ರವಿದೆ. 1973ರಲ್ಲಿ ಒಂದು ಹಳೆಯ ಜಾಮ್ ಕಾರ್ಖಾನೆಯಲ್ಲಿ ಶುರುವಾದದ್ದರಿಂದ ಆ ಹೆಸರು. ಗಾಜು, ಮಣ್ಣು, ಲೋಹ, ಪೀಠೋಪಕರಣದ ಕೆಲಸ ಅಲ್ಲಿ ನಡೆಯುವುದನ್ನು ನಿಂತು ನೋಡಬಹುದು. ಊರಿನಿಂದ ಬಂದ ನೆಂಟರ ಮಕ್ಕಳನ್ನು ನಾವು ಮೊದಲು ಕರೆದೊಯ್ಯುವ ಜಾಗ ಅದು.

ಬ್ರಿಸ್ಬೇನ್‌ನಲ್ಲಿ ಕ್ಯೂಯುಟಿ, ಮೆಲ್ಬರ್ನ್‌ನಲ್ಲಿ ಆರ್‌ಎಂಐಟಿ ಈ ವಿಷಯಕ್ಕೆ ಹೆಸರಾದವು. ಕೆಲವು ಕಡೆ ಪದವಿಗೆ 3 ವರ್ಷ, ಆನರ್ಸ್ ಸೇರಿದರೆ 4 ವರ್ಷ.

ನಮ್ಮಲ್ಲೇ ಇರುವ ದಾರಿಗಳನ್ನೂ ಮರೆಯಬಾರದು. ಪಿಯುಸಿ ಆದ ಮೇಲೆ ಬಿ.ಡೆಸ್‌ಗೆ ಎನ್‌ಐಡಿಯ ಡಿಎಟಿ ಪರೀಕ್ಷೆ ಇದೆ. ಐಐಟಿ ಬಾಂಬೆ ನಡೆಸುವ ಯುಸೀಡ್ ಮೂಲಕ ಐಐಟಿಗಳಿಗೆ ಸೇರಬಹುದು. ಯುಸೀಡ್ ಪರೀಕ್ಷೆಯನ್ನು ವಿಜ್ಞಾನ, ವಾಣಿಜ್ಯ, ಕಲಾ ಯಾವ ವಿಭಾಗದವರೂ ಬರೆಯಬಹುದು. ಕೆಲವು ಸಂಸ್ಥೆಗಳು ಮಾತ್ರ ವಿಜ್ಞಾನವೇ ಬೇಕೆಂದು ಕೇಳುತ್ತವೆ. ಯುಸೀಡ್ ಪರೀಕ್ಷೆ ಜನವರಿಯಲ್ಲಿ ನಡೆಯುವುದರಿಂದ ಅರ್ಜಿಯ ಕೆಲಸ ಹಿಂದಿನ ವರ್ಷದ ಅಕ್ಟೋಬರ್ ಹೊತ್ತಿಗೇ ಶುರು. ಪಿಯು ಫಲಿತಾಂಶ ಬಂದ ಮೇಲೆ ನೋಡೋಣ ಎಂದರೆ ಒಂದು ವರ್ಷ ಹೋಯಿತು. ಎಂಜಿನಿಯರಿಂಗ್ ಅಥವಾ ಆರ್ಕಿಟೆಕ್ಚರ್ ಮುಗಿಸಿದವರಿಗೆ ಸೀಡ್ ಪರೀಕ್ಷೆಯ ಮೂಲಕ ಎಂ.ಡೆಸ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪ್ರಾಡಕ್ಟ್ ಡಿಸೈನ್‌ನಲ್ಲಿ ಎಂ.ಡೆಸ್ ಇದೆ ಎಂದರೆ ಎಷ್ಟೋ ಮನೆಯವರು ಆಶ್ಚರ್ಯಪಡುತ್ತಾರೆ. ತುಮಕೂರು ರಸ್ತೆಯ ಬಳಿ ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ ಇದೆ.

ದುಡ್ಡಿನ ಪುಟ

ಈಗ ಸೈಟಿನ ವಿಷಯ. ಊರಿನಿಂದ ವಿದ್ಯಾರ್ಥಿ ವೀಸಾದಲ್ಲಿ ಬರುವವರಿಗೆ ಇಲ್ಲಿ ಡಿಸೈನ್ ಪದವಿಯ ಫೀಸು ವಿಶ್ವವಿದ್ಯಾಲಯಕ್ಕೆ ತಕ್ಕಂತೆ ವರ್ಷಕ್ಕೆ ಸುಮಾರು 35ರಿಂದ 45 ಸಾವಿರ ಡಾಲರ್. ಲೆಕ್ಕಕ್ಕೆ 38,000 ಎಂದು ಹಿಡಿಯೋಣ. 3 ವರ್ಷಕ್ಕೆ 1,14,000 ಡಾಲರ್ ಆಯಿತು. ಒಬ್ಬ ವಿದ್ಯಾರ್ಥಿಯ ವರ್ಷದ ಜೀವನ ಖರ್ಚಿಗೆಂದು 2024ರ ಮೇ ತಿಂಗಳಿಂದ ವೀಸಾ ಇಲಾಖೆ ತೋರಿಸಲು ಹೇಳುವ ಮೊತ್ತ 29,710 ಡಾಲರ್. ಅದು 3 ವರ್ಷಕ್ಕೆ 89,130. ವೀಸಾ ಅರ್ಜಿ ಶುಲ್ಕ 2025ರ ಜುಲೈಯಿಂದ 2,000 ಡಾಲರ್. ಎಲ್ಲ ಸೇರಿ 2,05,130 ಡಾಲರ್. ಡಾಲರಿಗೆ 60 ರೂಪಾಯಿ ಎಂದು ಹಿಡಿದರೆ 1 ಕೋಟಿ 23 ಲಕ್ಷ ರೂಪಾಯಿ. ಕಡ್ಡಾಯ ಆರೋಗ್ಯ ವಿಮೆ, ವಿಮಾನದ ಟಿಕೆಟ್ಟು, ಲ್ಯಾಪ್‌ಟಾಪು, ಮಾಡೆಲ್ ಮಾಡುವ ಸಾಮಗ್ರಿ, ಸಾಲ ಮಾಡಿದ್ದರೆ ಅದರ ಬಡ್ಡಿ ಇದರ ಮೇಲೆ. ಭಾರತದ ಸರ್ಕಾರಿ ಸಂಸ್ಥೆಗಳಲ್ಲಿ ಇದೇ ಓದಿಗೆ ಆಗುವುದು ಇದರ ಒಂದು ಸಣ್ಣ ಪಾಲು.

‘ಅಲ್ಲೇ ಪಾರ್ಟ್‌ಟೈಮ್ ಮಾಡಿಕೊಳ್ಳುತ್ತಾನೆ ಬಿಡಿ’ ಎನ್ನುವವರಿಗೆ ಒಂದು ಮಾತು. ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. ಅದರಿಂದ ಮನೆ ಬಾಡಿಗೆ, ಊಟದ ಖರ್ಚಿಗೆ ಒಳ್ಳೆಯ ಸಹಾಯವಾದೀತು, ಫೀಸು ಹುಟ್ಟುವುದಿಲ್ಲ. ಅದೂ ಅಲ್ಲದೆ ಡಿಸೈನ್ ಓದುವವರಿಗೆ ಪ್ರಾಜೆಕ್ಟ್ ಕೊಡುವ ವಾರ ರಾತ್ರಿಯೆಲ್ಲ ಮಾಡೆಲ್ ಮಾಡುವ ಕೆಲಸವಿರುತ್ತದೆ. ದುಡಿಮೆಗೆ ಹೆಚ್ಚು ಹೊತ್ತು ಕೊಟ್ಟವರ ಪ್ರಾಜೆಕ್ಟ್ ಸೊರಗುತ್ತದೆ, ಮತ್ತು ಕೊನೆಗೆ ಕೆಲಸ ಕೊಡಿಸಬೇಕಾದದ್ದು ಆ ಪ್ರಾಜೆಕ್ಟೇ.

ಇಲ್ಲೇ ನೆಲೆಸಿರುವ ಕುಟುಂಬಗಳ ಲೆಕ್ಕ ಬೇರೆ. ಪೌರತ್ವ ಅಥವಾ ಪಿಆರ್ ಇರುವ ಮಕ್ಕಳಿಗೆ ಫೀಸಿನ ಒಂದು ಭಾಗವನ್ನು ಸರ್ಕಾರವೇ ಕೊಡುವ ಸೀಟು ಸಿಗುತ್ತದೆ. 2021ರಲ್ಲಿ ಹೊಸ ದರಪಟ್ಟಿ ಬಂದಾಗ ಡಿಸೈನ್ ಓದುವವರ ವರ್ಷದ ಪಾಲು 7,950 ಡಾಲರ್, ನಮ್ಮ ಅಕೌಂಟಿಂಗ್ ಓದುವವರ ಪಾಲು 14,500 ಡಾಲರ್ ಎಂದು ನಿಗದಿಯಾಯಿತು. ಆಮೇಲೆ ದರ ವರ್ಷ ವರ್ಷವೂ ಏರಿದೆ, ಅಂತರ ಹಾಗೇ ಇದೆ. ನಮ್ಮ ಕಸುಬಿನ ಓದೇ ದುಬಾರಿ ಎಂದು ಮನೆಯಲ್ಲಿ ನಾವು ನಕ್ಕದ್ದುಂಟು.

ಆದರೆ ಒಂದು ವ್ಯತ್ಯಾಸ ಬಹಳ ಮುಖ್ಯ. ಆ ಪಾಲನ್ನು ಈಗ ಕೊಡದೆ ಮುಂದೆ ಸಂಬಳದಿಂದ ತೀರಿಸುವ ಹೆಕ್ಸ್-ಹೆಲ್ಪ್ ಸಾಲ ಸಾಮಾನ್ಯವಾಗಿ ಪೌರತ್ವ ಇರುವವರಿಗೆ ಮಾತ್ರ. ಪಿಆರ್ ಇರುವ ನಮ್ಮ ಕುಟುಂಬಗಳು ಪ್ರತಿ ಸೆಮಿಸ್ಟರ್ ಕೈಯಿಂದ ಕಟ್ಟಬೇಕು. ಮಗಳು ಹನ್ನೊಂದನೇ ತರಗತಿಗೆ ಬಂದಿದ್ದು, ಪೌರತ್ವಕ್ಕೆ ಅರ್ಹತೆಯೂ ಇದ್ದರೆ ಆ ವಿಷಯವನ್ನು ಮನೆಯಲ್ಲಿ ಕುಳಿತು ಆಗಲೇ ಮಾತಾಡಿ. ಭಾರತದ ಪಾಸ್‌ಪೋರ್ಟ್ ಬಿಡುವುದು ಸಣ್ಣ ತೀರ್ಮಾನವಲ್ಲ, ಫೀಸು ಕಟ್ಟುವ ಹಿಂದಿನ ವಾರ ಮಾಡುವಂಥದ್ದೂ ಅಲ್ಲ. 2025-26ರಿಂದ ವರ್ಷದ ಆದಾಯ 67,000 ಡಾಲರ್ ದಾಟಿದ ಮೇಲೆ ಮಾತ್ರ ಆ ಸಾಲದ ಕಂತು ಶುರುವಾಗುತ್ತದೆ, ಅದೂ ದಾಟಿದ ಮೊತ್ತದ ಮೇಲೆ ಮಾತ್ರ.

ಪೋರ್ಟ್‌ಫೋಲಿಯೊ ಎಂಬ ಲೆಕ್ಕದ ಪುಸ್ತಕ

ಈ ಓದಿಗೆ ಸೇರುವಾಗಲೂ, ಆಮೇಲೆ ಕೆಲಸಕ್ಕೆ ಹೋಗುವಾಗಲೂ ಕೇಳುವುದು ಪೋರ್ಟ್‌ಫೋಲಿಯೊ. ಅಂದರೆ ಇದುವರೆಗೆ ತಾನು ಏನು ಮಾಡಿದ್ದೇನೆ, ಹೇಗೆ ಮಾಡಿದ್ದೇನೆ ಎಂದು ತೋರಿಸುವ ಪುಸ್ತಕ. ಎನ್‌ಐಡಿಯ ಎರಡನೇ ಸುತ್ತಿನಲ್ಲಂತೂ ಕೈಗೆ ಸಾಮಗ್ರಿ ಕೊಟ್ಟು ಅಲ್ಲೇ ಮಾಡಿಸಿ ನೋಡುತ್ತಾರೆ. ಮಾರ್ಕ್ಸ್ ಕಾರ್ಡ್ ನೋಡಿ ಅಭ್ಯಾಸವಾದ ನಮ್ಮಂಥ ಮನೆಗಳಿಗೆ ಇದನ್ನು ಓದುವುದು ಹೇಗೆಂದೇ ಗೊತ್ತಾಗುವುದಿಲ್ಲ.

ನಮ್ಮ ಅಕ್ಕನ ಮಗಳು ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದಾಳೆ. ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟವಿದೆ. ಕಳೆದ ವರ್ಷ ಅವಳು ನಮಗೆ ಹನ್ನೆರಡು ಚಿತ್ರ ಕಳಿಸಿದಳು: ಮುಂದಿನ ಕಾಲದ ಕಾರು, ಸ್ಪೀಕರ್, ಮೇಜಿನ ದೀಪ. ಇಲ್ಲಿನ ಕನ್ನಡದವರ ಯುಗಾದಿ ಊಟದಲ್ಲಿ ಪರಿಚಯವಾದ ಡಿಸೈನರ್ ಒಬ್ಬರಿಗೆ ಅವನ್ನು ತೋರಿಸಿದೆವು. ಅವರು ಎಲ್ಲವನ್ನೂ ನಿಧಾನಕ್ಕೆ ನೋಡಿ, ‘ಕೈ ಚೆನ್ನಾಗಿದೆ ಸರ್. ಆದರೆ ಈ ಚಿತ್ರ ಯಾರು ಬೇಕಾದರೂ ಬರೆದಿರಬಹುದು. ಅವಳ ಮನೆಯಲ್ಲಿ, ತೋಟದಲ್ಲಿ ದಿನಾ ಯಾವ ವಸ್ತುವಿನಿಂದ ಯಾರಿಗೆ ತೊಂದರೆ ಆಗ್ತಿದೆ ನೋಡಕ್ಕೆ ಹೇಳಿ. ಮಾಡಿ ಕೆಟ್ಟಿದ್ದನ್ನೂ ಎಸೆಯಬೇಡ ಅನ್ನಿ’ ಎಂದರು.

ಮಾತು ಅವಳಿಗೆ ತಟ್ಟಿತು. ಕೊಯ್ಲಿನ ಕಾಲದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಅಡಿಕೆ ಸುಲಿಯುತ್ತಾರೆ. ಏಳುವಾಗ ಎಲ್ಲರ ಕೈಯೂ ಸೊಂಟದ ಮೇಲೆ. ಅವಳು ಅವರ ಜೊತೆ ನಾಲ್ಕು ದಿನ ಕುಳಿತು, ಎಂಟು ಜನರ ಕೂರುವ ಎತ್ತರ, ಕೈ ಚಾಚುವ ದೂರ ಅಳೆದುಕೊಂಡಳು. ರಟ್ಟಿನಲ್ಲಿ ಒಂದು ಕೂರುಮಣೆ ಮಾಡಿದಳು. ಅದು ಎತ್ತರವಾಗಿ ಕೈ ಕತ್ತಿಗೆ ಎಟುಕಲಿಲ್ಲ. ಎರಡನೆಯದು ಒಂದು ಕಡೆಗೆ ಮಗುಚಿತು. ಮೂರನೆಯದನ್ನು ಊರಿನ ಬಡಗಿಯ ಹತ್ತಿರ ಪ್ಲೈವುಡ್‌ನಲ್ಲಿ ಮಾಡಿಸಿ, ಬೆನ್ನಿಗೊಂದು ಆಸರೆ ಕೊಟ್ಟಳು. ಹೆಂಗಸರಿಗೆ ಇಷ್ಟವಾಯಿತು. ಒಬ್ಬ ಅಜ್ಜಿ ಮಾತ್ರ, ‘ಚಲೋ ಇದೆ ಮಗಾ, ಆದ್ರೆ ಒಂದು ಕಾಲು ಚಾಚಕ್ಕೆ ಜಾಗ ಇಲ್ಲ’ ಎಂದು ಪಕ್ಕಕ್ಕಿಟ್ಟರು. ಆ ಮಾತನ್ನೂ ಬರೆದುಕೊಂಡಿದ್ದಾಳೆ. ‘ಎಷ್ಟಾಯಿತು?’ ಎಂದು ನಾವು ಕೇಳಿದ್ದಕ್ಕೆ, ‘ಸಾಮಾನಿಗೆ 640 ರೂಪಾಯಿ ಮಾಮ, ಕೂಲಿ ಬೇರೆ’ ಎಂದು ಲೆಕ್ಕವನ್ನೂ ಒಂದು ಪುಟದಲ್ಲಿ ಹಾಕಿದಳು.

ಈ ಆರು ಪುಟಗಳನ್ನು ನೋಡಿದ ಮೇಲೆ ಅದೇ ಡಿಸೈನರ್ ಹೇಳಿದ್ದು, ‘ಈಗ ಇವಳ ಜೊತೆ ಕೂತು ಮಾತಾಡಬಹುದು.’ ಕಾರಿನ ಚಿತ್ರಗಳನ್ನು ಅವಳೇ ತೆಗೆದುಹಾಕಿದಳು. ಅಕ್ಕ, ಭಾವ, ಅವಳು, ನಾವು ವಿಡಿಯೊ ಕಾಲ್‌ನಲ್ಲಿ ಕುಳಿತು ತೀರ್ಮಾನಿಸಿದ್ದು ಇಷ್ಟು: ಎನ್‌ಐಡಿ ಮತ್ತು ಯುಸೀಡ್ ಎರಡನ್ನೂ ಬರೆಯುವುದು, ಪದವಿ ಊರ ಕಡೆಯೇ ಮಾಡುವುದು. ಮುಂದೆ ಕೆಲಸ ಮಾಡಿ, ಇಂಥ ವಿಷಯದಲ್ಲೇ ಆಳಕ್ಕೆ ಹೋಗಬೇಕು ಎಂದು ಅವಳಿಗೇ ಅನ್ನಿಸಿದರೆ ಆಗ ಹೊರದೇಶದ ಮಾಸ್ಟರ್ಸ್. ಭಾವನಿಗೆ ಸೈಟು ಉಳಿಯಿತೆಂಬ ಸಮಾಧಾನಕ್ಕಿಂತ ಮಗಳು ಸುಮ್ಮನೆ ಹಟ ಮಾಡುತ್ತಿಲ್ಲ ಎಂಬ ಸಮಾಧಾನ ಹೆಚ್ಚಾಗಿತ್ತು.

ಪೋರ್ಟ್‌ಫೋಲಿಯೊ ಮಾಡುವ ಮಕ್ಕಳಿಗೆ ಇಲ್ಲಿನವರು ಹೇಳುವ ಬುದ್ಧಿಮಾತುಗಳು ಸರಳ. ಇಪ್ಪತ್ತು ಚಿತ್ರಕ್ಕಿಂತ ನಾಲ್ಕೈದು ಪೂರ್ತಿ ಪ್ರಾಜೆಕ್ಟ್ ಮೇಲು. ಸಮಸ್ಯೆ ಯಾರದು ಎಂಬುದು ಮೊದಲ ಪುಟದಲ್ಲೇ ಇರಲಿ. ಕೆಟ್ಟುಹೋದ ಮಾದರಿಯ ಫೋಟೊ ಇರಲಿ, ಯಾಕೆ ಕೆಟ್ಟಿತು ಎಂಬ ಎರಡು ಸಾಲು ಇರಲಿ. ನಾಲ್ವರು ಸೇರಿ ಮಾಡಿದ್ದರೆ ತನ್ನ ಪಾಲು ಯಾವುದು ಎಂದು ಪ್ರಾಮಾಣಿಕವಾಗಿ ಬರೆಯಲಿ. ಎಐ ಬಳಸಿ ಒಂದು ನಿಮಿಷದಲ್ಲಿ ಹೊಳೆಯುವ ಚಿತ್ರ ತೆಗೆಯಬಹುದಾದ ಈ ಕಾಲದಲ್ಲಿ, ಕೈಯಿಂದ ಮಾಡಿ ನೋಡಿದ ಗುರುತಿಗೆ ಬೆಲೆ ಹೆಚ್ಚಾಗಿದೆ.

ಓದಿದ ಮೇಲೆ ಕೆಲಸ

ಅಡಿಲೇಡ್‌ನ ಉತ್ತರಕ್ಕಿರುವ ಎಲಿಜಬೆತ್‌ನಲ್ಲಿ ಹೋಲ್ಡನ್ ಕಾರಿನ ಕಾರ್ಖಾನೆ ಇತ್ತು. 2017ರ ಅಕ್ಟೋಬರ್ 20ರಂದು ಅದು ಮುಚ್ಚಿತು. ಅದರೊಂದಿಗೆ ಆಸ್ಟ್ರೇಲಿಯಾದಲ್ಲಿ ದೊಡ್ಡ ಪ್ರಮಾಣದ ಕಾರು ತಯಾರಿಕೆಯೇ ನಿಂತುಹೋಯಿತು. ಕಾರಿನ ಡಿಸೈನರ್ ಆಗಬೇಕೆಂಬ ಆಸೆ ಇರುವ ಮಕ್ಕಳು ಇದನ್ನು ತಿಳಿದಿರಬೇಕು. ವಾಹನದ ಕೆಲಸಕ್ಕೆ ಇವತ್ತು ಅಡಿಲೇಡ್‌ಗಿಂತ ಬೆಂಗಳೂರು, ಹೊಸೂರು, ಪುಣೆ, ಚೆನ್ನೈ ಹೆಚ್ಚು ಹತ್ತಿರ. ಬೆಂಗಳೂರಿನ ಎಥರ್ ಕಂಪನಿಯ ಎಲೆಕ್ಟ್ರಿಕ್ ಸ್ಕೂಟರ್ ಹೊಸೂರಿನಲ್ಲೇ ತಯಾರಾಗುತ್ತದೆ, ಟೈಟನ್ ಗಡಿಯಾರದ ಊರೂ ಅದೇ.

ಆಸ್ಟ್ರೇಲಿಯಾದಲ್ಲಿ ಕೆಲಸವಿಲ್ಲ ಎಂದಲ್ಲ. ಕಿವಿಯೊಳಗೆ ಅಳವಡಿಸುವ ಉಪಕರಣದ ಕೊಕ್ಲಿಯರ್, ಉಸಿರಾಟದ ಯಂತ್ರಗಳ ರೆಸ್‌ಮೆಡ್, ಅಡುಗೆಮನೆಯ ಉಪಕರಣಗಳ ಬ್ರೆವಿಲ್ ಇವೆಲ್ಲ ಸಿಡ್ನಿಯಲ್ಲಿ ಬೆಳೆದ ಕಂಪನಿಗಳು. ಅವುಗಳಾಚೆ ಹೆಚ್ಚಿನವರು ಸೇರುವುದು ಹತ್ತಿಪ್ಪತ್ತು ಜನರ ಸಣ್ಣ ಕನ್ಸಲ್ಟೆನ್ಸಿಗಳಿಗೆ. ಅಂಥ ಕಡೆ ಕ್ಯಾಂಪಸ್ ಸೆಲೆಕ್ಷನ್ ಎಂಬ ಜಾತ್ರೆ ಇರುವುದಿಲ್ಲ. ಎರಡನೇ ವರ್ಷದಿಂದಲೇ ರಜೆಯಲ್ಲಿ ಇಂಟರ್ನ್‌ಶಿಪ್ ಹುಡುಕಿ, ಪರಿಚಯ ಬೆಳೆಸಿಕೊಂಡವರಿಗೆ ಬಾಗಿಲು ತೆರೆಯುತ್ತದೆ. ಇನ್ನೊಂದು ವಿಷಯ: ಜಾಹೀರಾತಿನಲ್ಲಿ ‘ಪ್ರಾಡಕ್ಟ್ ಡಿಸೈನರ್’ ಎಂದಿದ್ದರೆ ಈಗ ಬಹಳ ಸಲ ಅದು ಮೊಬೈಲ್ ಆ್ಯಪ್ ರೂಪಿಸುವ ಕೆಲಸ. ಇಂಡಸ್ಟ್ರಿಯಲ್ ಡಿಸೈನ್ ಓದಿದ ಎಷ್ಟೋ ಜನ ಆ ಕಡೆಗೂ ಹೋಗಿ ಚೆನ್ನಾಗಿದ್ದಾರೆ. ಆದರೆ ಹೆಸರು ನೋಡಿ ಮೋಸಹೋಗಬೇಡಿ, ಕೆಲಸದ ವಿವರ ಓದಿ.

ಪದವಿ ಮುಗಿಸಿದವರಿಗೆ ವಯಸ್ಸು 35ರ ಒಳಗಿದ್ದು ಉಳಿದ ಷರತ್ತುಗಳು ಕೂಡಿಬಂದರೆ ಸಾಮಾನ್ಯವಾಗಿ 2 ವರ್ಷದ ತಾತ್ಕಾಲಿಕ ವೀಸಾ ಸಿಗುತ್ತದೆ, 485 ಎನ್ನುವುದು ಅದನ್ನೇ. ಅಡಿಲೇಡ್ ಮತ್ತು ಪರ್ತ್ ನಗರಗಳನ್ನು ಸರ್ಕಾರ ‘ಪ್ರಾದೇಶಿಕ’ ಪಟ್ಟಿಯಲ್ಲಿ ಇಟ್ಟಿರುವುದರಿಂದ ಇಲ್ಲಿ ಓದಿ, ಇಲ್ಲೇ ಉಳಿದವರು ಇನ್ನೊಂದು ವರ್ಷಕ್ಕೆ ಅರ್ಜಿ ಹಾಕಬಹುದು. ಬ್ರಿಸ್ಬೇನ್ ನಗರಕ್ಕೆ ಆ ಸೌಲಭ್ಯವಿಲ್ಲ. ವಲಸೆಗಾಗಿ ಇಂಡಸ್ಟ್ರಿಯಲ್ ಡಿಸೈನರ್ ವೃತ್ತಿಯ ಅರ್ಹತೆ ಪರೀಕ್ಷಿಸುವ ಸಂಸ್ಥೆ ವೆಟಾಸೆಸ್. ಅದು ಓದನ್ನಷ್ಟೇ ಅಲ್ಲ, ಸಂಬಂಧಪಟ್ಟ ಕೆಲಸದ ಅನುಭವವನ್ನೂ ನೋಡುತ್ತದೆ. ವೃತ್ತಿಗಳ ಪಟ್ಟಿಯನ್ನು ಸರ್ಕಾರ ಆಗಾಗ ಬದಲಿಸುತ್ತಿರುತ್ತದೆ. ಆದ್ದರಿಂದ ‘ಈ ಕೋರ್ಸ್ ಮಾಡಿದರೆ ಪಿಆರ್ ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ಆ ಕುರ್ಚಿಯಿಂದ ಎದ್ದುಬನ್ನಿ. ಪಿಆರ್‌ಗಾಗಿ ಆರಿಸಿಕೊಳ್ಳುವ ಓದು ಇದಲ್ಲ.

ಮನೆಯವರು ಕೇಳಬೇಕಾದ ಪ್ರಶ್ನೆಗಳು

ಮಗನೋ ಮಗಳೋ ಈ ಓದು ಬೇಕೆಂದಾಗ ‘ಎಷ್ಟು ಪರ್ಸೆಂಟ್ ಬೇಕು’ ಎಂಬುದರ ಜೊತೆಗೆ ಇವನ್ನೂ ಕೇಳಿ. ಕಳೆದ ಆರು ತಿಂಗಳಲ್ಲಿ ಕೈಯಾರೆ ಏನು ಮಾಡಿದ್ದೀಯ? ಅದನ್ನು ಯಾರ ಕೈಗೆ ಕೊಟ್ಟು ನೋಡಿದೆ? ಅವರು ಬೇಡವೆಂದಾಗ ಏನು ಬದಲಿಸಿದೆ? ಅದಕ್ಕೆ ಎಷ್ಟು ಖರ್ಚಾಯಿತು? ಉತ್ತರ ಸಿಕ್ಕರೆ, ಎಲ್ಲಿ ಓದಬೇಕು ಎಂಬ ಮಾತು ಶುರುಮಾಡಿ. ಉತ್ತರ ಇನ್ನೂ ಸಿಗದಿದ್ದರೆ ಬೈಯಬೇಡಿ, ಒಂದು ವರ್ಷ ಸಮಯ ಕೊಡಿ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವವರ ಹತ್ತಿರ ಎರಡು ದಿನ ಕೂರಿಸಿ. ಊರಿನ ಬಡಗಿ, ವೆಲ್ಡಿಂಗ್ ಅಂಗಡಿಯವರ ಹತ್ತಿರ ರಜೆಯಲ್ಲಿ ಕಳಿಸಿ. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಯಂತ್ರ ಮಾಡಿದ ವಿಡಿಯೊ ತೋರಿಸಿ. ಅಂಥವರ ಹತ್ತಿರ ಕಲಿಯುವುದಕ್ಕೆ ವೀಸಾ ಬೇಕಿಲ್ಲ.

ಹೊರದೇಶದಲ್ಲಿ ದುಡಿದು ಊರಿಗೆ ಹಣ ಕಳಿಸುವ ನಮ್ಮಂಥವರಿಗೆ ಒಂದೊಂದು ಸೈಟಿನ ಹಿಂದೆ ಎಷ್ಟು ವರ್ಷದ ಓವರ್‌ಟೈಮ್ ಇದೆಯೆಂದು ಗೊತ್ತು. ಅದನ್ನು ಮಕ್ಕಳ ಓದಿಗೆ ಹಾಕುವುದರಲ್ಲಿ ತಪ್ಪೇನಿಲ್ಲ, ಅದಕ್ಕೇ ಅಲ್ಲವೇ ಕೊಂಡದ್ದು. ಆದರೆ ಇಂಡಸ್ಟ್ರಿಯಲ್ ಡಿಸೈನ್‌ನ ಮಟ್ಟಿಗೆ ಮೊದಲ ಖರ್ಚು ಬಹಳ ಸಣ್ಣದು: ಒಂದು ನೋಟ್‌ಬುಕ್ಕು, ಅಳತೆ ಟೇಪು, ರಟ್ಟು, ಕತ್ತರಿ, ಅಂಟು. ಈ ರಜೆಯಲ್ಲಿ ಅಷ್ಟು ತೆಗೆದುಕೊಡಿ. ಕೋಟಿಯ ಲೆಕ್ಕ ಆಮೇಲೆ ಹಾಕೋಣ.